ಫೋನ್ ನಮ್ದು, ಪರ್ಸ್ ಯಾರದ್ದು?

ದುಡ್ಡು ಕೊಟ್ಟು ತಗೊಂಡ ಫೋನಿನಲ್ಲಿ ಯಾವ ಆ್ಯಪ್ ಇರಬೇಕು ಅಂತ ಸಿಮ್ ಕೊಟ್ಟವರು ಹೇಳೋದಾ? ಅಮೆರಿಕದಲ್ಲಿ 2011ರ ಡಿಸೆಂಬರ್‌ನಲ್ಲಿ ಹಾಗೇ ಆಯ್ತು. ವೆರೈಝನ್ ಮಾರಿದ ಗ್ಯಾಲಕ್ಸಿ ನೆಕ್ಸಸ್‌ನಲ್ಲಿ ಎನ್‌ಎಫ್‌ಸಿ ಇತ್ತು, ಗೂಗಲ್ ವಾಲೆಟ್ ಮಾತ್ರ ಇರಲಿಲ್ಲ. ಕಾರ್ಡಿನ ಗುಟ್ಟು ಕಾಯುವ ‘ಸೆಕ್ಯೂರ್ ಎಲಿಮೆಂಟ್’ ಅನ್ನೋ ಭಾಗವನ್ನು ಆ ಆ್ಯಪ್ ಬಳಸುತ್ತೆ, ಅದೇ ತೊಡಕು ಅನ್ನೋದು ಕಂಪನಿಯ ಸಮಜಾಯಿಷಿ. ಇರಬಹುದು. ಆದರೆ ಅದೇ ವೆರೈಝನ್, ಎಟಿ ಆ್ಯಂಡ್ ಟಿ ಮತ್ತು ಟಿ-ಮೊಬೈಲ್ ಜೊತೆ ಸೇರಿ 2010ರಲ್ಲೇ ‘ಐಸಿಸ್’ ಅನ್ನೋ ಸ್ವಂತ ಪೇಮೆಂಟ್ ಕಂಪನಿ ಕಟ್ಟಿತ್ತಲ್ಲ! ಗ್ರಾಹಕರು ರೇಗಿದ್ದು ಅದಕ್ಕೇ. ನಾನಾಗಿದ್ರೂ ರೇಗ್ತಿದ್ದೆ.

2013ರಲ್ಲಿ ಆಂಡ್ರಾಯ್ಡ್ 4.4 ಬಂದು, ಕಾರ್ಡಿನ ಕೆಲಸವನ್ನು ಸಾಫ್ಟ್‌ವೇರೇ ಮಾಡೋ ಹಾಗಾಯ್ತು. ಆ ಭಾಗದ ಹಂಗೇ ತಪ್ಪಿತು. ಐಸಿಸ್ ಕಥೆ ಇನ್ನೂ ಮಜಾ: ಉಗ್ರರ ಸಂಘಟನೆಯ ಹೆಸರೂ ಅದೇ ಆಗಿಬಿಟ್ಟಿದ್ದಕ್ಕೆ 2014ರಲ್ಲಿ ‘ಸಾಫ್ಟ್‌ಕಾರ್ಡ್’ ಅಂತ ಹೊಸ ನಾಮಕರಣ! 2015ರಲ್ಲಿ ಅದರ ತಂತ್ರಜ್ಞಾನ ಕೊಂಡವರು ಯಾರು ಗೊತ್ತಾ? ಗೂಗಲ್. ಮೂರೂ ಕಂಪನಿಗಳು ತಮ್ಮ ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್ ವಾಲೆಟ್ ಹಾಕಿಯೇ ಮಾರೋಕೆ ಒಪ್ಪಿಕೊಂಡವು. ಅಷ್ಟೊತ್ತಿಗೆ, ಮೊದಲು ನೆಕ್ಸಸ್ ಕೊಂಡವರ ಎರಡು ವರ್ಷದ ಕರಾರೇ ಮುಗಿದುಹೋಗಿತ್ತು.