ಇನ್ಸುಲಿನ್ನಿನ ಅಳತೆ

‘ಮಾತ್ರೆ’ಯೆಂದರೆ ಗುಳಿಗೆಯೆಂದೇ ಜನರು ತಿಳಿದಿರುವರು, ಸಂಸ್ಕೃತದಲ್ಲಿ ಅದರ ಅರ್ಥವು ಅಳತೆ. ಛಂದಸ್ಸಿನಲ್ಲಿ ಮಾತ್ರೆ ತಪ್ಪಿದರೆ ಪದ್ಯವು ಕೆಡುವುದು. ಔಷಧದಲ್ಲಿ ತಪ್ಪಿದರೆ ಪ್ರಾಣಕ್ಕೇ ಸಂಚಕಾರವುಂಟು. ಮಧುಮೇಹಿಗಳಿರುವ ಮನೆಯವರು ಇದನ್ನು ಮರೆಯಲಾಗದು.

ಇನ್ಸುಲಿನ್ನು ಮೇದೋಜೀರಕ ಗ್ರಂಥಿಯಲ್ಲಿ ತಾನಾಗಿಯೇ ಹುಟ್ಟುವ ರಸ. 1921ರಲ್ಲಿ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇದನ್ನು ಪ್ರಾಣಿಗಳ ಗ್ರಂಥಿಯಿಂದ ತೆಗೆದರು. ಮರುವರ್ಷವೇ ಇದು 14 ವರ್ಷದ ಬಾಲಕನೊಬ್ಬನನ್ನು ಮೃತ್ಯುಮುಖದಿಂದ ಪಾರುಮಾಡಿತು. ನುಂಗಿದರೆ ಜಠರದಲ್ಲಿ ಜೀರ್ಣವಾಗಿ ನಿಷ್ಫಲವಾಗುವುದರಿಂದ ಚರ್ಮದಡಿಗೆ ಚುಚ್ಚಿ ಕೊಡುವರು. ಇದಕ್ಕೆ ಸಿರಿಂಜೂ ಉಂಟು, ಪೆನ್ನೂ ಉಂಟು.

ತೊಡಕಿರುವುದು ಇಲ್ಲಿಯೇ. ನಮ್ಮ ದೇಶದಲ್ಲಿ ಮಾರುವ ಸೀಸೆಗಳಲ್ಲಿ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್ಟು. ಪೆನ್ನಿನೊಳಗಿನ ಕೊಳವೆಯಲ್ಲಿ ಸಾಮಾನ್ಯವಾಗಿ 100. ನಮ್ಮ ಮಿತ್ರರೊಬ್ಬರೊಡನೆ ನಾವು ಪರಸ್ಥಳಕ್ಕೆ ಮದುವೆಗೆ ಹೋಗಿದ್ದಾಗ ಅವರ ಪೆನ್ನು ಕೆಟ್ಟಿತು. ಮಗನು ಅಂಗಡಿಯಿಂದ 40ರ ಸಿರಿಂಜನ್ನು ತಂದು, ಪೆನ್ನಿನ ಕೊಳವೆಯಿಂದಲೇ 20ರ ಗೆರೆಯವರೆಗೆ ಔಷಧವನ್ನೆಳೆದು ಚುಚ್ಚಿದನು. ಆ ಗೆರೆಗೆ ಅರ್ಧ ಮಿಲಿಲೀಟರು. 20 ಯೂನಿಟ್ಟೆಂದು ಕೊಟ್ಟುದು 50 ಆಯಿತು!

ಎಲೆ ಹಾಕುವಷ್ಟರಲ್ಲಿ ಮಿತ್ರರಿಗೆ ಮೈಯೆಲ್ಲ ಬೆವರು, ಕೈನಡುಕ, ತೊದಲು ಮಾತು. ಹೇಳಲು ನಾಚಿಕೆಯಾಗುತ್ತದೆ, “ಸಕ್ಕರೆ ಕಾಯಿಲೆಯವರು, ಸಿಹಿ ಕೊಡಬೇಡಿರಿ” ಎಂದು ಕೂಗಿದವರಲ್ಲಿ ನಾವೂ ಒಬ್ಬರು. ಸೊಸೆಯು, “ಮೇಷ್ಟ್ರೇ, ಮಾವನವರಿಗೆ ಸಕ್ಕರೆ ಏರಿಲ್ಲ, ಇಳಿದಿದೆ” ಎಂದವಳೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದಳು. ಕಾಲು ಗಂಟೆಯಲ್ಲಿ ಮತ್ತೊಮ್ಮೆ ಕುಡಿಸಿ ಆಸ್ಪತ್ರೆಗೆ ಸೇರಿಸಿದಳು. ಮಿತ್ರರು ಉಳಿದರು. ನಮ್ಮ ಮಾತು ನಡೆದಿದ್ದರೆ ಏನಾಗುತ್ತಿತ್ತೋ!

ಆದುದರಿಂದ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ: ಸೀಸೆಯ ಮೇಲಿನ ಅಂಕಿಯೂ ಸಿರಿಂಜಿನ ಮೇಲಿನ ಅಂಕಿಯೂ ಒಂದೇ ಆಗಿರಬೇಕು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ್ದು. ಪೆನ್ನಿನ ಔಷಧವನ್ನು ಸಿರಿಂಜಿನಿಂದ ಎಳೆಯಲೇ ಕೂಡದು. ಚುಚ್ಚುವ ಸ್ಥಳವನ್ನು ಪ್ರತಿ ಸಲವೂ ಬೆರಳಗಲ ಸರಿಸಬೇಕು. ಇಲ್ಲವಾದರೆ ಚರ್ಮದಡಿ ಗಂಟು ಕಟ್ಟಿ ಔಷಧವು ಸರಿಯಾಗಿ ಹತ್ತದು. ಸಕ್ಕರೆ ಇಳಿದು ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಇಷ್ಟನ್ನು ರೋಗಿಯೊಬ್ಬನೇ ಬಲ್ಲವನಾದರೆ ಸಾಲದು. ಆಪತ್ತಿನಲ್ಲಿ ಅವನಿಗೆ ಮಾತೇ ಹೊರಡದು. ಆಗ ತಿಳಿದಿರಬೇಕಾದವರು ಮನೆಯವರೇ.