ಚಾರೋಳಿ ಕೊಯ್ಲಿಗೆ ದಿನ ಗೊತ್ತಾಗಲಿ

ಹಬ್ಬದ ದಿನ ಶ್ರೀಖಂಡದ ಮೇಲೆ, ಬಾಸುಂದಿಯೊಳಗೆ ಉದುರಿಸುವ ಚಾರೋಳಿಯನ್ನು ಬೆಳಗಾವಿ, ಧಾರವಾಡದ ಕಡೆಯ ರೈತ ಬಾಂಧವರು ಬಲ್ಲರು. ಅದರ ಬಹುಪಾಲು ಹೊಲದಲ್ಲಿ ಬೆಳೆದುದಲ್ಲ, ಕಾಡಿನಲ್ಲಿ ಆಯ್ದುದು. ಮಾವು, ಗೇರುಗಳ ಕುಲದ ಮರವಿದು. ನಮ್ಮ ಒಣ ಕಾಡುಗಳಲ್ಲಿಯೂ ಉಂಟು. ಮುರ್ಕಲು ಎಂದು ಕರೆಯುವುದುಂಟು. ಆದರೆ ಇದನ್ನೇ ನೆಚ್ಚಿ ವರ್ಷದ ಖರ್ಚು ತೂಗಿಸುವವರು ಛತ್ತೀಸಗಢದ ಬಸ್ತರ್, ಮಧ್ಯಪ್ರದೇಶದ ಕಾಡುಗಳ ಗೊಂಡ, ಬೈಗಾ ಮುಂತಾದ ಗಿರಿಜನರು.

ಬಸ್ತರಿನ ಸಂತೆಗಳಲ್ಲಿ ಹಿಂದೆ ಒಂದು ಅಳತೆ ಚಾರೋಳಿಗೆ ಒಂದು ಅಳತೆ ಉಪ್ಪು ಕೊಟ್ಟು ವ್ಯಾಪಾರಿಗಳು ಒಯ್ಯುತ್ತಿದ್ದರೆಂಬುದು ಜನಜನಿತ. ಈಗ ಅಷ್ಟು ಅನ್ಯಾಯವಿಲ್ಲ. ಕೇಂದ್ರ ಸರ್ಕಾರ 2013–14ರಿಂದ ಕಿರು ಅರಣ್ಯ ಉತ್ಪನ್ನಗಳಿಗೆ ಬೆಂಬಲ ಬೆಲೆಯ ಯೋಜನೆ ತಂದಿತು. 2020ರಲ್ಲಿ ಸಿಪ್ಪೆಸಹಿತ ಚಾರೋಳಿ ಬೀಜಕ್ಕೆ ಕಿಲೋಗೆ 126 ರೂಪಾಯಿ ನಿಗದಿಯಾಯಿತು. ಪೇಟೆಯಲ್ಲಿ ತಿರುಳಿನ ಬೆಲೆ ಕಿಲೋಗೆ ಸಾವಿರ ದಾಟುತ್ತದೆ. ನಡುವಿನದೆಲ್ಲ ದಲ್ಲಾಳಿಯ ಲಾಭವೆಂದು ಹೇಳಲಾಗದು, ಬೀಜದ ತೂಕದಲ್ಲಿ ಗಟ್ಟಿ ಓಡಿನದೇ ದೊಡ್ಡ ಪಾಲು. ಆದರೂ ಹಣ್ಣನ್ನು ನೀರಿನಲ್ಲಿ ನೆನೆಸಿ, ಉಜ್ಜಿ, ಒಣಗಿಸಿ, ಬೀಸುಕಲ್ಲಿನಲ್ಲಿ ಓಡು ಬಿಡಿಸುವ ಕೆಲಸ ಹಳ್ಳಿಯ ಹೆಂಗಸರಿಗೆ ಹೊಸದಲ್ಲ. ಒಂದು ಸಣ್ಣ ಯಂತ್ರ ಊರಿನಲ್ಲೇ ಇದ್ದರೆ ಆ ಲಾಭವೂ ಊರಿನಲ್ಲೇ ಉಳಿದೀತು.

ಇದಕ್ಕಿಂತ ದೊಡ್ಡ ತೊಂದರೆ ಬೇರೆಯಿದೆ. ಹಣ್ಣು ಕಪ್ಪಾಗಿ ಮಾಗುವುದು ಏಪ್ರಿಲ್–ಮೇ ತಿಂಗಳಲ್ಲಿ. ಅಷ್ಟು ದಿನ ಕಾಯುವ ಧೈರ್ಯ ಯಾರಿಗಿದೆ? ಇಂದು ನಾನು ಬಿಟ್ಟರೆ ನಾಳೆ ಪಕ್ಕದ ಊರಿನವನು ಕೀಳುತ್ತಾನೆ. ಹೀಗಾಗಿ ಕಾಯನ್ನೇ ಉದುರಿಸುತ್ತಾರೆ, ಕೊಂಬೆ ಕಡಿಯುತ್ತಾರೆ, ಕೆಲವೆಡೆ ಮರವನ್ನೇ ಉರುಳಿಸುತ್ತಾರೆ. ಎಳೆಯ ಬೀಜದಲ್ಲಿ ತಿರುಳು ಬಲಿತಿರುವುದಿಲ್ಲ. ಬೆಲೆಯೂ ಇಳಿಯುತ್ತದೆ, ಮುಂದಿನ ಫಸಲೂ ಹೋಗುತ್ತದೆ. ನೆಲಕ್ಕೆ ಬೀಜ ಬೀಳದೆ ಸಸಿ ಹುಟ್ಟುವುದೂ ಅಪರೂಪ. ಹುಟ್ಟಿದ್ದನ್ನು ಬೆಂಕಿ, ದನಗಳು ಬಿಡುವುದಿಲ್ಲ.

ಇದನ್ನು ಗಿರಿಜನರ ಆಸೆಬುರುಕತನವೆಂದು ಪೇಟೆಯವರು ಹಳಿಯುವುದುಂಟು. ಊರಗೋಮಾಳದ ಹುಣಿಸೆಮರಕ್ಕೆ ನಮ್ಮವರು ಮಾಡುವುದೇನು? ಒಡೆಯನಿಲ್ಲದ ಫಲಕ್ಕೆ ಎಲ್ಲೆಡೆಯೂ ಇದೇ ಗತಿ. ಬೆಂಬಲ ಬೆಲೆಯನ್ನು ಇನ್ನೂ ಹತ್ತು ರೂಪಾಯಿ ಏರಿಸಿದರೂ ಈ ಓಟ ನಿಲ್ಲದು.

2006ರ ಅರಣ್ಯ ಹಕ್ಕು ಕಾಯಿದೆ ಕಿರು ಉತ್ಪನ್ನಗಳ ಒಡೆತನವನ್ನು ಕಾಡಿನ ಜನರಿಗೇ ಕೊಟ್ಟಿದೆ. ಕಾಡನ್ನು ಕಾಯುವ ಅಧಿಕಾರ ಗ್ರಾಮಸಭೆಗಿದೆ. ಆ ಸಭೆಯೇ ಕುಳಿತು ಇಂಥ ದಿನದ ಮೊದಲು ಯಾರೂ ಕಾಯಿ ಮುಟ್ಟಬಾರದೆಂದು ಗೊತ್ತುಮಾಡಬೇಕು, ನೆರೆಯೂರುಗಳೊಂದಿಗೆ ಎಲ್ಲೆ ಒಪ್ಪಿಕೊಳ್ಳಬೇಕು. ಖರೀದಿ ಕೇಂದ್ರಗಳೂ ಆ ದಿನಕ್ಕಿಂತ ಮುಂಚೆ ತಕ್ಕಡಿ ಎತ್ತಬಾರದು. ಹಸಿಗಾಯಿಗೆ ಕೊಳ್ಳುವವನಿಲ್ಲವೆಂದಾದರೆ ಮರ ಹತ್ತುವವನೂ ಇರಲಾರ.

ನಮ್ಮಲ್ಲಿ ಬದುವಿನ ಮೇಲೆ ಮುರ್ಕಲು ಮರವಿರುವವರು ಸೌದೆಗೆ ಮಾರುವ ಮುನ್ನ ಒಂದು ಬೇಸಿಗೆ ತಡೆಯಿರಿ. ಮಾಗಿದ ಬೀಜ ಹಳತಾದರೆ ಮೊಳೆಯದು; ಓಡನ್ನು ಮೆಲ್ಲನೆ ಬಿರಿಯಿಸಿ ಆ ಮಳೆಗಾಲದಲ್ಲೇ ಬಿತ್ತಬೇಕು.