ಆರತಿಗೆ ಊರು, ಲೆಕ್ಕಕ್ಕೆ ಯಾರು?

ಮನೆಮಂದಿಯೆಲ್ಲ ಓದುವ ಭಾನುವಾರದ ಪುರವಣಿಯಲ್ಲಿ ಇಂಥ ವಿಷಯ ಬರೆಯಬಹುದೇ ಎಂದು ಮೂಗುಮುರಿಯುವ ಮಹನೀಯರು ಇದ್ದಾರೆಂದು ಬಲ್ಲೆ. ಅವರನ್ನು ಉದ್ದೇಶಿಸಿಯೇ ಬರೆಯುತ್ತಿದ್ದೇನೆ.

ಕಳೆದ ತಿಂಗಳು ಅರಸೀಕೆರೆಯಲ್ಲಿ, ನನ್ನ ದೊಡ್ಡಮ್ಮನ ಮಗಳ ಮನೆಯಲ್ಲಿ, ಆರತಿ. ಕಿರಿಯ ಮಗಳು ಮೈನೆರೆದಿದ್ದಳು. ಬೀದಿಯ ಹೆಂಗಸರೆಲ್ಲ ಬಂದರು. ಕೊಬ್ಬರಿ, ಬೆಲ್ಲ, ಎಳ್ಳಿನ ಚಿಗಳಿ, ಹಾಡು, ಫೋಟೋ, ಎಲ್ಲವೂ ಆಯಿತು. ಹದಿಮೂರು ವರ್ಷದ ಆ ಮಗು ಮಣೆಯ ಮೇಲೆ ತಲೆ ತಗ್ಗಿಸಿ ಕೂತಿತ್ತು. ತನ್ನ ಮೈಯಲ್ಲಿ ಆದದ್ದೇನು, ಆದದ್ದೇಕೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. “ಇನ್ನು ಮೇಲೆ ಹುಷಾರಾಗಿರಬೇಕು ಕಣಮ್ಮಾ” ಎಂದರು ಅಜ್ಜಿ. ಯಾವುದರಿಂದ ಹುಷಾರು, ಹೇಗೆ ಹುಷಾರು ಎಂಬುದನ್ನು ಅವರು ಹೇಳಲಿಲ್ಲ. ಅವರಿಗೂ ಯಾರೂ ಹೇಳಿರಲಿಲ್ಲ.

ಅದೇ ರಾತ್ರಿ ಆ ಹುಡುಗಿಯ ಅಕ್ಕ, ಬಿ.ಎಸ್‌ಸಿ. ಪಾಸಾದವಳು, ಹತ್ತು ತಿಂಗಳ ಕೂಸಿನ ತಾಯಿ, ಹಿತ್ತಲಿನಲ್ಲಿ ನನ್ನ ಕೈ ಹಿಡಿದು ಪಿಸುಗುಟ್ಟಿದಳು: “ಚಿಕ್ಕಮ್ಮಾ, ಫೋನಿನಲ್ಲಿ ಆ ದಿನ ಹಸಿರು ತೋರಿಸಿತ್ತು. ಆದರೂ ನಿಂತುಬಿಟ್ಟಿದೆ.” ಅವಳ ಅಮ್ಮನಿಗೆ ಇನ್ನೂ ಗೊತ್ತಿರಲಿಲ್ಲ. ಗಂಡನಿಗೆ ಗೊತ್ತಿತ್ತು; “ನೀನು ಸರಿಯಾಗಿ ಎಣಿಸಿಲ್ಲ” ಎಂದಿದ್ದನಂತೆ.

ನಾವು ಎಣಿಕೆಗೆ ಹೆಸರಾದ ಜನ. ಮುಟ್ಟಾದವಳು ಮೂರು ದಿನ ಹೊರಗೆ ಎಂದು ಎಣಿಸಿದೆವು. ಋತುಕಾಲ ಹದಿನಾರು ರಾತ್ರಿ ಎಂದು ನಮ್ಮ ಧರ್ಮಶಾಸ್ತ್ರವೇ ಎಣಿಸಿತು. ಪ್ರಸ್ತದ ಮುಹೂರ್ತವನ್ನು ಪುರೋಹಿತರಿಂದ ಇಡಿಸಿ ಬಂಧುಬಳಗಕ್ಕೆಲ್ಲ ತಿಳಿಸಿದೆವು. ಇಷ್ಟೆಲ್ಲ ಲೆಕ್ಕ ಬೀದಿಗೆ ಬಂದಾಗ ಕೆಡದ ಮರ್ಯಾದೆ, ಗರ್ಭ ನಿಲ್ಲುವ ದಿನ ಯಾವುದೆಂದು ಹುಡುಗಿಗೆ ಹೇಳಿದರೆ ಕೆಟ್ಟುಹೋಗುತ್ತದೆಯೆ?

ಲೆಕ್ಕವಾದರೂ ಬಹಳ ಕಠಿಣವಲ್ಲ. ಅಂಡವು ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಇದು ಹಿಂದಿನಿಂದ ಎಣಿಸಬೇಕಾದ ಲೆಕ್ಕ. 28 ದಿನಕ್ಕೊಮ್ಮೆ ಮುಟ್ಟಾಗುವವಳಿಗೆ ಅದು 14ನೆಯ ದಿನವಾದರೆ, 35 ದಿನದವಳಿಗೆ 21ನೆಯ ದಿನ, 24 ದಿನದವಳಿಗೆ 10ನೆಯ ದಿನ. ಅಂಡ ಬದುಕುವುದು ಒಂದು ದಿನ; ಗಂಡಿನ ವೀರ್ಯಾಣು ಐದು ದಿನದವರೆಗೂ ಕಾದಿರಬಲ್ಲದು. ಆದ್ದರಿಂದ 24 ದಿನದವಳಿಗೆ ಐದನೆಯ ದಿನದ ಸ್ನಾನ ಮುಗಿಯುವ ಹೊತ್ತಿಗೇ ಅಪಾಯ ಆರಂಭವಾಗಿರಬಹುದು. ಇನ್ನು ಮುಂದಿನ ಮುಟ್ಟು ಎಂದು ಬರುತ್ತದೆಂಬುದು ಅದು ಬಂದ ಮೇಲಷ್ಟೇ ನಿಶ್ಚಯ. ಜ್ವರ, ಚಿಂತೆ, ಬಾಣಂತನ, ಇವುಗಳಲ್ಲಿ ಯಾವುದಾದರೂ ಸಾಕು, ಲೆಕ್ಕ ತಪ್ಪಲು. ಫೋನು ತೋರಿಸುವ ಹಸಿರು ಹಿಂದಿನ ತಿಂಗಳುಗಳನ್ನು ನೋಡಿ ಮಾಡಿದ ಊಹೆ, ಅದು ಅಭಯಹಸ್ತವಲ್ಲ. ಹೆರಿಗೆಯಾಗಿ ಹತ್ತು ತಿಂಗಳಾದ ನನ್ನ ಮಗಳಂಥವಳಿಗೆ ಊಹಿಸಲು ಹಿಂದಿನ ತಿಂಗಳುಗಳಾದರೂ ಎಲ್ಲಿದ್ದವು?

ಈ ಪಾಠವನ್ನು ನಮ್ಮ ನಾಡು ಒಮ್ಮೆ ಕಲಿತು ಮರೆತಿದೆ. ಮೈಸೂರು ಸರ್ಕಾರ 1930ರಲ್ಲೇ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹೆ ಕೊಡಲು ಮುಂದಾಗಿತ್ತು. 1952ರಲ್ಲಿ, ಕೇಂದ್ರದ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ ಕೌರ್ ಅವರ ಕಾಲದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಡಾ. ಅಬ್ರಹಾಂ ಸ್ಟೋನ್ ಅವರ ಸಲಹೆಯಂತೆ, ದಿನ ಎಣಿಸುವ ಪ್ರಯೋಗ ದೆಹಲಿಯ ಲೋಧಿ ಕಾಲೊನಿಯಲ್ಲೂ ನಮ್ಮ ರಾಮನಗರದಲ್ಲೂ ನಡೆಯಿತು. ಹೆಂಗಸರ ಕೈಗೆ ಬಣ್ಣದ ಮಣಿಗಳ ಸರ ಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಪ್ರಯೋಗ ಫಲಿಸಲಿಲ್ಲ. ಕತ್ತಲೆಯಲ್ಲಿ ಬಣ್ಣ ಕಾಣಲಿಲ್ಲವಂತೆ, ಸರ ಧರಿಸಿದರೆ ಸಾಕೆಂದುಕೊಂಡರಂತೆ ಎಂದು ಹಾಸ್ಯದ ಕಥೆಗಳು ಹುಟ್ಟಿದವು. ನಕ್ಕವರೆಲ್ಲ ಹೆಂಗಸರನ್ನು ನೋಡಿ ನಕ್ಕರು. ಮಣಿ ಕೆಂಪಾಗಿದ್ದ ರಾತ್ರಿ ಗಂಡ ದೂರವಿದ್ದನೇ ಎಂದು ಒಬ್ಬರಾದರೂ ಕೇಳಿದರೆ?

ಈ ಶತಮಾನದಲ್ಲಿ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು 32 ಮಣಿಗಳ ಸರವೊಂದನ್ನು ಮತ್ತೆ ರೂಪಿಸಿದರು. ಅದರ ಬಿಳಿ ಮಣಿಗಳು ಕತ್ತಲೆಯಲ್ಲೂ ಹೊಳೆಯುತ್ತವೆ! 26ರಿಂದ 32 ದಿನದೊಳಗೆ ತಪ್ಪದೆ ಮುಟ್ಟಾಗುವವರಿಗೆ ಮಾತ್ರ ಅದು ಹೊಂದುತ್ತದೆ. 8ರಿಂದ 19ನೆಯ ದಿನದವರೆಗೆ ದೂರವಿರಬೇಕು. ಆದರೂ ಸಾಮಾನ್ಯ ಬಳಕೆಯಲ್ಲಿ ವರ್ಷಕ್ಕೆ ನೂರರಲ್ಲಿ ಸುಮಾರು 12 ಮಂದಿ ಗರ್ಭಿಣಿಯರಾಗುತ್ತಾರೆ. ಕತ್ತಲೆಗೆ ಪರಿಹಾರ ಸಿಕ್ಕಿತು. ಗಂಡಸಿನ ಅವಿವೇಕಕ್ಕೆ ಸಿಗಲಿಲ್ಲ.

ಆರತಿಯ ಮರುದಿನ ಎಲ್ಲರೂ ಹಳೇಬೀಡು, ಬೇಲೂರು ನೋಡಲು ಹೋದೆವು. ಚೆನ್ನಕೇಶವನ ಗುಡಿಯಲ್ಲಿ ಮಾರ್ಗದರ್ಶಕರು ಕನ್ನಡಿ ಹಿಡಿದ ಮದನಿಕೆಯನ್ನು ತೋರಿಸಿದರು. ಸೀರೆಯ ಸೆರಗನ್ನು ಕೋತಿ ಎಳೆಯುವ ಮದನಿಕೆಯನ್ನೂ ತೋರಿಸಿದರು. ನಮ್ಮ ಭಾವನವರು ಮಕ್ಕಳನ್ನು ಮುಂದಕ್ಕೆ ತಳ್ಳಿ, “ಚೆನ್ನಾಗಿ ನೋಡಿ, ನಮ್ಮ ಸಂಸ್ಕೃತಿ” ಎಂದರು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಗುಡಿ. ಅವರ ಹೆಮ್ಮೆ ನನ್ನದೂ ಹೌದು. ಆದರೆ ಅದೇ ಭಾವನವರು, ಶಾಲೆಯಲ್ಲಿ ಮಕ್ಕಳಿಗೆ ದೇಹದ ಪಾಠ ಹೇಳಿಕೊಡುವ ಮಾತು ಬಂದಾಗ, “ಇವೆಲ್ಲ ನಮ್ಮ ಸಂಸ್ಕೃತಿಯಲ್ಲ” ಎಂದರು. ಕಲ್ಲಿನ ಹೆಣ್ಣಿನ ಮೈ ಸಂಸ್ಕೃತಿ. ಜೀವಂತ ಹೆಣ್ಣಿನ ಮೈ ಮಾತ್ರ ಗುಟ್ಟು!

ತಿಳಿಸಿದರೆ ಮಕ್ಕಳು ಕೆಡುತ್ತಾರೆಂಬುದು ಹಳೆಯ ವಾದ. ತಿಳಿಸದೆ ಇದ್ದುದರ ಫಲ ನನ್ನ ಕೈ ಹಿಡಿದು ಹಿತ್ತಲಿನಲ್ಲಿ ಅಳುತ್ತಿತ್ತು. ವೈದ್ಯೆ ಅನುಪಮಾ ನಿರಂಜನ ಅವರು ‘ದಾಂಪತ್ಯ ದೀಪಿಕೆ’ ಬರೆದದ್ದು ಅಚ್ಚಗನ್ನಡ ಓದುವ ಮನೆಗಳಿಗಾಗಿಯೇ. ಅದನ್ನು ಹಾಸಿಗೆಯ ಕೆಳಗಿಟ್ಟು ಓದಿದ ತಲೆಮಾರು ನಮ್ಮದು; ನಮ್ಮ ಮಕ್ಕಳಿಗೆ ಅಷ್ಟನ್ನೂ ದಾಟಿಸಲಿಲ್ಲ.

ಹಾಗಾದರೆ ಉಪಾಯವೇ ಇಲ್ಲವೆ? ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹಣವಿಲ್ಲದೆ ದೊರೆಯುತ್ತದೆ: ನಿರೋಧ್, ಮಾಲಾ-ಎನ್, ವಾರದ ಮಾತ್ರೆ ಛಾಯಾ, ಮೂರು ತಿಂಗಳಿಗೊಮ್ಮೆ ಚುಚ್ಚುವ ಅಂತರಾ, ವಂಕಿ. ಯಾರಿಗೆ ಯಾವುದು ಹೊಂದುತ್ತದೆಂದು ವೈದ್ಯರನ್ನು ಕೇಳಬೇಕು. ತಪ್ಪು ನಡೆದುಹೋದರೆ 72 ಗಂಟೆಯೊಳಗೆ, ಎಷ್ಟು ಬೇಗವಾದರೆ ಅಷ್ಟು ಒಳ್ಳೆಯದು, ನುಂಗುವ ತುರ್ತು ಮಾತ್ರೆಯೂ ಉಂಟು. ಅದು ನಿತ್ಯದ ಊಟವಲ್ಲ. ನಿಂತ ಗರ್ಭವನ್ನು ಅದು ತೆಗೆಯುವುದೂ ಇಲ್ಲ.

ಆದರೆ ಒಂದು ಅಂಕಿ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯ ಮೊರೆಹೊಕ್ಕ ಹೆಂಗಸರು ನೂರಕ್ಕೆ 37.9, ಗಂಡಸರು 0.3. ಗಂಡಸಿಗೆ ಮಾಡುವ ಶಸ್ತ್ರಕ್ರಿಯೆ ಎರಡರಲ್ಲಿ ಸುಲಭವಾದದ್ದು, ಅಪಾಯ ಕಡಿಮೆಯದ್ದು. ಎಣಿಸುವವಳೂ ಅವಳೇ, ನುಂಗುವವಳೂ ಅವಳೇ, ಕೊಯ್ಸಿಕೊಳ್ಳುವವಳೂ ಅವಳೇ; ತಪ್ಪಿದರೆ “ನೀನು ಸರಿಯಾಗಿ ಎಣಿಸಿಲ್ಲ”!

ಅರಸೀಕೆರೆ ಬಿಡುವ ಮೊದಲು ಅಕ್ಕನ ಅಡಿಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ, ಕಿರಿಯವಳನ್ನು ಎದುರಿಗೆ ಕೂರಿಸಿಕೊಂಡು, ಪೆನ್ಸಿಲು ಹಿಡಿದು ಅರ್ಧ ಗಂಟೆ ಎಲ್ಲವನ್ನೂ ಹೇಳಿದೆ. ಅವಳು ಎರಡು ಪ್ರಶ್ನೆ ಕೇಳಿದಳು. ಎರಡೂ ಜಾಣ ಪ್ರಶ್ನೆಗಳು. ಅಜ್ಜಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು, ಬೈಯಲಿಲ್ಲ. ಭಾವನವರನ್ನೂ ಅಳಿಯಂದಿರನ್ನೂ ಕರೆದೆ. ಅವರಿಗೆ ತೋಟದಲ್ಲಿ ಕೆಲಸವಿತ್ತಂತೆ.